ಗೂಟಕ್ಕೆ ಎರಡು ಕೈ: ದಿನಕ್ಕೊಂದು ತ್ರಿಪದಿ ಬರೆಯಹೊರಟ ಹೆಣ್ಣುಮಗಳ ಪ್ರಕರಣ

ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್ ಅದು. ರಟ್ಟಿನ ಮೇಲೆ ಹೊಲಿಗೆ ಯಂತ್ರದ ಎಣ್ಣೆಯ ಕಲೆ, ಒಳಗೆ ಪುಟದ ಅಂಚಿಗೆ ಅಲ್ಲಲ್ಲಿ ಅರಿಶಿನ ಹತ್ತಿದ ಬೆರಳಿನ ಗುರುತು. ಎಡಗಡೆ ತಾರೀಖು, ಅದರ ಕೆಳಗೆ ಮೂರು ಸಾಲು, ಒಂದು ಗೆರೆ ಬಿಟ್ಟು ಮತ್ತೆ ತಾರೀಖು. ಹೀಗೆ ಪುಟ ಪುಟ ಸಾಗಿ 2023ರ ನವೆಂಬರ್ 20ಕ್ಕೆ ಬಂದರೆ ತಾರೀಖು ಇದೆ, ಕೆಳಗಿನ ಮೂರು ಗೆರೆ ಖಾಲಿ. 21ರದೂ ಹಾಗೆಯೇ. 28ರವರೆಗೆ ಒಂಬತ್ತು ತಾರೀಖು, ಒಂದೊಂದರ ಕೆಳಗೂ ಮೂರು ಖಾಲಿ ಗೆರೆ. ಆಮೇಲೆ ತಾರೀಖೂ ಇಲ್ಲ.

ಈ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಡುವಾಗ ಅವಳು ಮುಖ ತಿರುಗಿಸಿಕೊಂಡು ಯಂತ್ರಕ್ಕೆ ದಾರ ಹಾಕುತ್ತಿದ್ದಳು. ‘ನನಗೆ ಛಲ ಇಲ್ಲ, ಅಕ್ಕಾವರೇ. ಸೋಮಾರಿ ನಾನು’ ಎಂದಳು. ದಿನಕ್ಕೆ ಹತ್ತು ತಾಸು ಹೊಲಿಯುವ ಹೆಣ್ಣುಮಗಳು ತನ್ನನ್ನು ಸೋಮಾರಿ ಎಂದುಕೊಳ್ಳುವುದನ್ನು ಕೇಳಿ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಪದ, ಅಂದರೆ ಮೂರು ಸಾಲಿನ ತ್ರಿಪದಿ, ಬಾರದ ದಿನವೂ ತಾರೀಖು ಬರೆದು, ಮೂರು ಸಾಲಿಗೆ ಜಾಗ ಬಿಟ್ಟು ಒಂಬತ್ತು ದಿನ ಕಾದವಳಲ್ಲಿ ಆಸೆ ಸತ್ತಿರಲಿಲ್ಲ. ಹಾಗಾದರೆ ಕೆಟ್ಟದ್ದು ಏನು? ಅದನ್ನು ಹುಡುಕಿದ ಕಥೆ ಇದು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ; ಹೆಸರು ಬೇಡ ಎಂದಿದ್ದಾಳೆ.

ಹಿನ್ನೆಲೆ

ನಾನು ಬಾಗಲಕೋಟೆ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಈಗ ನವನಗರದಲ್ಲಿ ನಮ್ಮ ಮನೆಯಿಂದ ನಾಲ್ಕು ಓಣಿ ಆಚೆ ಇದ್ದಾಳೆ. ವಯಸ್ಸು 38, ಓದಿದ್ದು ಪಿಯುಸಿ. ಮುಂದಿನ ಕೋಣೆಯಲ್ಲಿ ಕುಪ್ಪಸ ಹೊಲಿಯುತ್ತಾಳೆ. ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ, ತಂದವರು, ಇಳಕಲ್ ಸೀರೆಗೆ ಒಪ್ಪುವ ಕುಪ್ಪಸ ಬೇಕೆನ್ನುವವರು ಅವಳಲ್ಲಿಗೇ ಬರುತ್ತಾರೆ. ಖಣದ ಮೇಲಿನ ತೇರಿನ ಚಿತ್ತಾರ ಬೆನ್ನಿನ ನಡುವೆ ಸೊಟ್ಟಾಗದಂತೆ ಕತ್ತರಿಸುವ ಕೈ ಅವಳದು. ಗಂಡ ಟಂಟಂ ಆಟೊ ಓಡಿಸುತ್ತಾರೆ. ಇಬ್ಬರು ಮಕ್ಕಳು. ಜೊತೆಗೆ ಅತ್ತೆ.

ಅತ್ತೆಯ ವಿಷಯ ಮುಂದೆ ಬರುವುದರಿಂದ ಇಲ್ಲಿಯೇ ಒಂದು ಮಾತು. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಬಾಗಲಕೋಟೆಯ ಹಳೆಯ ಊರಿನ ಓಣಿ ಓಣಿಗಳೇ ಹೋದವು. ಮುಳುಗಡೆಯಾದವರಿಗೆಂದು ಕಟ್ಟಿದ ಊರೇ ನವನಗರ. ರಸ್ತೆಗಳು ಅಗಲವಾಗಿವೆ, ಓಣಿಗಳಿಗೆ ಹೆಸರಿನ ಬದಲು ಸೆಕ್ಟರ್ ನಂಬರುಗಳಿವೆ. ಹಳೆಯ ಊರಿನಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಗಳಲ್ಲಿ, ಕಟ್ಟೆಯ ಮೇಲೆ ಕುಳಿತು ಮಾತಾಡುತ್ತ ಬಾಳಿದ ಹೆಂಗಸರು ಇಲ್ಲಿ ಬಂದು ಕಾಂಪೌಂಡಿನ ಒಳಗಾದರು. ಈ ಅತ್ತೆ ಅಂಥವರಲ್ಲಿ ಒಬ್ಬರು. ಬಂದ ಮೇಲೆ ಅವರ ಬಾಯಿಂದ ಹಾಡು ಕೇಳಿದವರಿಲ್ಲ ಎಂದು ಸೊಸೆಯೇ ಹೇಳಿದ್ದಳು.

2023ರ ಜನವರಿಯಲ್ಲಿ ಬನಶಂಕರಿ ಜಾತ್ರೆಗೆ ನಾವು ಓಣಿಯ ಏಳೆಂಟು ಹೆಂಗಸರು ಹೋಗಿದ್ದೆವು. ಬರುವಾಗ ಬಾದಾಮಿಯಲ್ಲಿ ಇಳಿದು, ಕೆರೆಯ ಆಚೆ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನದ ಕಡೆಗೆ ಕರೆದುಕೊಂಡು ಹೋದೆ. ಸುಮಾರು ಕ್ರಿ.ಶ. 700ರ ಶಾಸನ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ತ್ರಿಪದಿ ಅಲ್ಲಿದೆ. ಉಳಿದವರು ಬಿಸಿಲಿಗೆ ಸೆರಗು ಹೊದ್ದು ನೆರಳು ಹುಡುಕಿಕೊಂಡರು. ಅವಳು ಮಾತ್ರ ನಿಂತಲ್ಲೇ ನಿಂತು ಕೇಳಿದಳು: ‘ನಮ್ಮ ಆಯಿ ಬೀಸುವಾಗ ಹಾಡುತ್ತಿದ್ದುದೂ ಇದೇ ಅಳತೆಯೇ, ಅಕ್ಕಾವರೇ?’

ಹೌದು, ಅದೇ ಅಳತೆ. ತ್ರಿಪದಿಗೆ ಒಟ್ಟು 11 ಗಣ, ಅಂದರೆ ಲಯದ ತುಣುಕು. ಮೊದಲ ಎರಡು ಸಾಲಿಗೆ ನಾಲ್ಕು ನಾಲ್ಕು, ಕೊನೆಯದಕ್ಕೆ ಮೂರು. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವೆಲ್ಲ ವಿಷ್ಣುಗಣ; ಅಂದರೆ ಆ ಎರಡು ಕಡೆ ಹೆಜ್ಜೆ ಗಿಡ್ಡವಾಗುತ್ತದೆ. ಬಸ್ಸಿನಲ್ಲಿ ಬರುವಾಗ ಬೆರಳು ಮಡಚಿ ಎಣಿಸುತ್ತ ಬಂದಳು. ಯುಗಾದಿಯ ದಿನ, ಮಾರ್ಚ್ 22ಕ್ಕೆ, ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇದನ್ನು ಬರೆದಳು:

ಸೂಜಿಯ ಕಣ್ಣಲ್ಲಿ ದಾರವು ಹೋದಂತೆ
ಈ ಜೀವ ನಾಳೆ ಸಾಗಲಿ ತಾಯವ್ವ
ಗೋಜಿಲ್ಲದಂತೆ ನಡೆಸವ್ವ

ಎರಡನೆಯ ಸಾಲಿನ ‘ನಾಳೆ’, ಮೂರನೆಯ ಸಾಲಿನ ‘ದಂತೆ’, ಈ ಎರಡೇ ಗಿಡ್ಡ ಗಣಗಳು. ಎರಡೂ ತಮ್ಮ ಜಾಗದಲ್ಲಿವೆ. ಸೂಜಿ, ಜೀವ, ಗೋಜು ಎಂದು ಪ್ರಾಸವೂ ಕೂಡಿದೆ. ಛಂದಸ್ಸನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಪ್ರಸ್ತಾರ ಹಾಕಿ ಕಲಿಸಿದ್ದೇನೆ, ಪರೀಕ್ಷೆ ಮುಗಿದ ಮೇಲೆ ಅದನ್ನು ಬಳಸಿದ ವಿದ್ಯಾರ್ಥಿಯನ್ನು ಕಂಡದ್ದು ಅದೇ ಮೊದಲು. ಓದಿ ಕಣ್ಣು ತುಂಬಿ ಬಂತು. ‘ದಿನಕ್ಕೊಂದು ಬರೆ, ತಂಗಿ. ಒಂದು ದಿನವೂ ಬಿಡಬೇಡ’ ಎಂದೆ.

ಬೆಳೆದದ್ದು, ನಿಂತದ್ದು

ಮೊದಲ ನಾಲ್ಕು ತಿಂಗಳು ಬಹಳ ಚೆನ್ನಾಗಿ ನಡೆಯಿತು. ಬೆಳಗಿನ ಐದಕ್ಕೆ ಎದ್ದು, ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು, ಕತ್ತರಿಸುವ ಮೇಜಿನ ಮೂಲೆಯಲ್ಲಿ ಕುಳಿತು ಬರೆಯುತ್ತಿದ್ದಳು. ಮೇ ತಿಂಗಳ ಮದುವೆಗಳ ಗಡಿಬಿಡಿಯಲ್ಲಿ ರಾತ್ರಿ ಹನ್ನೊಂದರವರೆಗೆ ಹೊಲಿದ ದಿನಗಳಲ್ಲೂ ತಪ್ಪಿಸಲಿಲ್ಲ. ಪ್ರತಿ ರವಿವಾರ ನೋಟ್‌ಬುಕ್ ನನ್ನ ಹತ್ತಿರ ಬರುತ್ತಿತ್ತು. ಜುಲೈ 30ಕ್ಕೆ 131 ದಿನ, 131 ತ್ರಿಪದಿ.

ಜುಲೈ 31ಕ್ಕೆ ಅವಳಿಗೆ ಜ್ವರ. ಬರೆಯಲಿಲ್ಲ. ಮರುದಿನ ಹಾಗೆಂದು ಹೇಳಿದಾಗ ನನ್ನ ಬಾಯಿಂದ ಬಂದ ಮಾತು: ‘ಅಯ್ಯೋ, 131 ದಿನ ಆಗಿತ್ತಲ್ಲವೇ, ತಂಗಿ!’ ಆ ಮಾತನ್ನು ನಾನು ಆಡಬಾರದಿತ್ತು. ನೋಟ್‌ಬುಕ್ಕಿನಲ್ಲಿ ಜುಲೈ 31ರ ತಾರೀಖಿನ ಕೆಳಗೆ ಈಗ ಒಂದು ತ್ರಿಪದಿ ಇದೆ. ಆದರೆ ಅದನ್ನು ಆಗಸ್ಟ್ 3ಕ್ಕೆ ಕುಳಿತು ಬರೆದು, ಹಿಂದಿನ ತಾರೀಖು ಹಾಕಿದ್ದಳು. ಆಮೇಲೆ ಅಂಥವು ಇನ್ನೂ ಕೆಲವಾದವು. ‘ಆ ತಾರೀಖು ನೋಡಿದಾಗಲೆಲ್ಲ ಕದ್ದಂತೆ ಅನಿಸುತ್ತಿತ್ತು’ ಎಂದು ಈಗ ಹೇಳುತ್ತಾಳೆ. ಪದ ಬರೆಯುವುದು ಹೋಗಿ ಲೆಕ್ಕ ತುಂಬಿಸುವುದು ಶುರುವಾಗಿತ್ತು.

ಅದೇ ಹೊತ್ತಿಗೆ ನಾನು ಎರಡನೆಯ ತಪ್ಪು ಮಾಡಿದ್ದೆ. ರವಿವಾರದ ನೋಟ್‌ಬುಕ್ಕಿಗೆ ಕೆಂಪು ಪೆನ್ನು ಹಚ್ಚತೊಡಗಿದ್ದೆ. ಗಣ ತಪ್ಪಿದಲ್ಲಿ ಅಡ್ಡಗೆರೆ, ಪ್ರಾಸ ತಪ್ಪಿದಲ್ಲಿ ಸುತ್ತು. ಮೂವತ್ತು ವರ್ಷದ ರೂಢಿ, ಕೈ ತಾನಾಗಿ ಹೋಗುತ್ತದೆ. ಒಳ್ಳೆಯದಾಗಲಿ ಎಂದೇ ಮಾಡಿದ್ದು. ಆದರೆ ಯಾರೂ ಕೇಳದೇ ಇದ್ದಾಗ ತಾನಾಗಿ ಹುಟ್ಟಿದ ಕೆಲಸವನ್ನು ನಾನು ವಾರದ ಪರೀಕ್ಷೆಯನ್ನಾಗಿ ಮಾಡಿದ್ದೆ. ಶನಿವಾರ ರಾತ್ರಿ ಅವಳಿಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲವಂತೆ.

ಮೂರನೆಯದು ಮೊಬೈಲಿನಿಂದ ಬಂತು. ಆಗಸ್ಟ್‌ನಲ್ಲಿ ಅವಳ ಅಕ್ಕನ ಮಗ ಒಂದು ತ್ರಿಪದಿಯನ್ನು ಹಾಡಿಸಿ ವಿಡಿಯೊ ಮಾಡಿ ಹಾಕಿದ. ಜನ ಮೆಚ್ಚಿದರು. ಅವಳು ದಿನವೂ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕತೊಡಗಿದಳು. ಬೆಳಿಗ್ಗೆ ಬರೆದದ್ದನ್ನು ಸಂಜೆಯೊಳಗೆ ಎಷ್ಟು ಜನ ನೋಡಿದರು ಎಂಬುದೇ ಆ ಪದದ ಬೆಲೆಯಾಯಿತು. ಆಮೇಲೆ ಬೇಡಿಕೆ ಬಂತು: ಮದುವೆಯ ಪತ್ರಿಕೆಗೆ ಒಂದು, ಸೀಮಂತಕ್ಕೆ ಒಂದು, ಮನೆಯ ವಾಸ್ತುಶಾಂತಿಗೆ ಒಂದು. ಪದಕ್ಕೆ 101 ರೂಪಾಯಿ. ಹಣ ಪಡೆದದ್ದು ತಪ್ಪೆಂದು ನಾನು ಖಂಡಿತ ಹೇಳುವುದಿಲ್ಲ. ಕೈಕಸುಬಿನವಳಿಗೆ ತನ್ನ ಕೆಲಸದ ಬೆಲೆ ಕೇಳುವ ಹಕ್ಕಿದೆ, ಅವಳ ಮನೆಗೆ ಆ ಹಣ ಬೇಕೂ ಆಗಿತ್ತು. ಆದರೆ ನೋಟ್‌ಬುಕ್ ಒಂದು ಮಾತು ಹೇಳುತ್ತದೆ. ಏಪ್ರಿಲ್ ತಿಂಗಳ ಪುಟಗಳಲ್ಲಿ ಬಾಬಿನ್ ಇದೆ, ಹುಣಸೆಹಣ್ಣು ಇದೆ, ಗಂಡನ ಟಂಟಂನ ಹಾರ್ನ್ ಇದೆ, ಸತ್ತ ಗುಬ್ಬಿ ಇದೆ. ಅಕ್ಟೋಬರಿನ ಪುಟಗಳಲ್ಲಿ ‘ಶುಭವಾಗಲಿ’ ಎಂಬ ಮಾತು ಹನ್ನೊಂದು ಬಾರಿ ಇದೆ.

ಆಗಸ್ಟ್‌ನಿಂದ ನವೆಂಬರ್ 19ರೊಳಗೆ 23 ದಿನ ತಪ್ಪಿದವು. ದೀಪಾವಳಿಯ ನಂತರ ತುಳಸಿ ಲಗ್ನ ಹತ್ತಿರ ಬಂದಂತೆ ಮದುವೆಯ ಕುಪ್ಪಸಗಳೂ ಮದುವೆಯ ಪದಗಳೂ ಒಟ್ಟಿಗೆ ಬಂದು ಬಿದ್ದವು. ನವೆಂಬರ್ 20ರಿಂದ ಫೆಬ್ರವರಿ 1ರವರೆಗೆ, 74 ದಿನ, ಒಂದೂ ಸಾಲಿಲ್ಲ. ನಾನು ಆಗ ಬೆಳಗಾವಿಯಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದೆ. ತಿರುಗಿ ಬಂದಾಗ ಸಿಕ್ಕಿದ್ದು ಆ ಖಾಲಿ ಗೆರೆಗಳ ನೋಟ್‌ಬುಕ್ ಮತ್ತು ‘ಸೋಮಾರಿ ನಾನು’ ಎಂಬ ಮಾತು.

ಕಾರಣ ಹುಡುಕುವಾಗ

ಮೊದಲು ಕೆಲಸದ ಹೊರೆಯನ್ನೇ ದೂರಿದೆವು. ಆದರೆ ಲೆಕ್ಕ ಕೂಡಲಿಲ್ಲ. ಮೇ ತಿಂಗಳಲ್ಲೂ ಹೊರೆ ಅಷ್ಟೇ ಇತ್ತು, ಒಂದು ದಿನವೂ ತಪ್ಪಿರಲಿಲ್ಲ. ಮಗನ ಎಸ್ಸೆಸ್ಸೆಲ್ಸಿಯೇ ಕಾರಣ ಎಂದರು ಮನೆಯವರು. ಪರೀಕ್ಷೆ ಇದ್ದದ್ದು ಮಾರ್ಚ್‌ನಲ್ಲಿ. ಮುಂದೆ ಅವಳು ಮತ್ತೆ ಬರೆಯತೊಡಗಿದ್ದು ಪರೀಕ್ಷೆಗೆ ಇನ್ನೂ ಮೊದಲು, ಮನೆಯಲ್ಲಿ ಒತ್ತಡ ಹೆಚ್ಚಿದ್ದಾಗಲೇ.

ಬಹುಮಾನದ ಬಗ್ಗೆ ಓದಿದ್ದು ನೆನಪಾಯಿತು. ಅಮೆರಿಕದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಶಿಶುವಿಹಾರದ ಮಕ್ಕಳ ಮೇಲೆ ನಡೆಸಿ 1973ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ತಾವಾಗಿ ಚಿತ್ರ ಬರೆಯುವುದನ್ನು ಇಷ್ಟಪಡುವ ಮಕ್ಕಳನ್ನೇ ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಚಿತ್ರ ಬರೆದರೆ ಚಿನ್ನದ ನಕ್ಷತ್ರವೂ ರಿಬ್ಬನ್ನೂ ಇರುವ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊಟ್ಟರು. ಮತ್ತೊಂದಕ್ಕೆ ಏನೂ ಕೊಡಲಿಲ್ಲ. ಒಂದೆರಡು ವಾರ ಬಿಟ್ಟು ಆಟದ ಹೊತ್ತಿನಲ್ಲಿ ಬಣ್ಣದ ಪೆನ್ನುಗಳನ್ನು ಸುಮ್ಮನೆ ಇಟ್ಟು ನೋಡಿದಾಗ, ಮೊದಲೇ ಬಹುಮಾನದ ಮಾತು ಕೇಳಿದ ಮಕ್ಕಳು ಚಿತ್ರಕ್ಕೆ ಕೊಟ್ಟ ಹೊತ್ತು ಉಳಿದವರದಕ್ಕಿಂತ ಸುಮಾರು ಅರ್ಧ. ಹೇಳದೆ ಬಹುಮಾನ ಪಡೆದವರಲ್ಲಿ ಆಸಕ್ತಿ ಕುಂದಿರಲಿಲ್ಲ. ಇದನ್ನು ಹೇಳಿದಾಗ ಅವಳು ಹೊಲಿಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘101 ರೂಪಾಯಿ ಬಂದಾಗ ಖುಷಿಯಾಗಿತ್ತು. ಆದರೆ ಮರುದಿನ ಸುಮ್ಮನೆ ಬರೆಯಲು ಕುಳಿತರೆ, ಇದು ಯಾರಿಗೆ ಅನಿಸುತ್ತಿತ್ತು’ ಎಂದಳು. ‘ಯಾರಿಗೆ’ ಎಂಬ ಪ್ರಶ್ನೆ ಏಪ್ರಿಲ್‌ನಲ್ಲಿ ಅವಳ ಮನಸ್ಸಿಗೆ ಬಂದಿರಲೇ ಇಲ್ಲ.

ಒಂದು ದಿನ ತಪ್ಪಿದರೆ ಎಲ್ಲ ಹೋಯಿತು ಎಂಬ ನನ್ನ ಅಳಲಿಗೂ ಆಧಾರವಿಲ್ಲವೆಂದು ಆಮೇಲೆ ತಿಳಿದುಕೊಂಡೆ. ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಮತ್ತು ಅವರ ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ರೂಢಿ ಬೇರೂರಲು ಜನರಿಗೆ ಹಿಡಿಯುವ ಕಾಲದ ಅಂದಾಜು 18 ದಿನದಿಂದ 254 ದಿನದವರೆಗೆ ಹರಡಿತ್ತು. ನಡುವಿನ ಲೆಕ್ಕ 66 ದಿನ. ಮಧ್ಯೆ ಒಂದು ದಿನ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಿರಲಿಲ್ಲ. ಅವರು ನೋಡಿದ್ದು ನೀರು ಕುಡಿಯುವುದು, ಹಣ್ಣು ತಿನ್ನುವುದು, ನಡೆಯುವುದು ಇಂಥವನ್ನು. ಪದ ಕಟ್ಟುವುದು ಅಷ್ಟು ಸರಳವಲ್ಲ, ಆದ್ದರಿಂದ ಆ ಲೆಕ್ಕವನ್ನು ಹಾಗೆಯೇ ತಂದು ಇಲ್ಲಿ ಹಚ್ಚಲಾರೆ. ಆದರೆ ಜ್ವರದ ಒಂದು ದಿನದಿಂದ 131 ದಿನದ ಗಳಿಕೆ ಅಳಿಯುವುದಿಲ್ಲ ಎಂಬಷ್ಟನ್ನು ಧೈರ್ಯದಿಂದ ಅವಳಿಗೆ ಹೇಳಬಹುದಿತ್ತು. ನಾನು ಅದಕ್ಕೆ ಉಲ್ಟಾ ಹೇಳಿದ್ದೆ.

ಇಷ್ಟೆಲ್ಲ ಸೇರಿಸಿದರೂ ನಿಂತದ್ದಕ್ಕೆ ಕಾರಣ ಸಿಕ್ಕಿತೇ ಹೊರತು, ಮತ್ತೆ ಹೊರಡಲು ದಾರಿ ಸಿಗಲಿಲ್ಲ. ದಾರಿ ತೋರಿಸಿದ್ದು ಬೀಸುವ ಕಲ್ಲು.

ಕಲ್ಲಿನ ಎದುರು

ಅವರ ಹಿತ್ತಲಿನಲ್ಲಿ ಹಳೆಯ ಮನೆಯಿಂದ ತಂದ ಬೀಸುವ ಕಲ್ಲು ಒಂದಿದೆ. ಬಳಸುವುದಿಲ್ಲ, ಮೇಲೆ ಬಟ್ಟೆ ಸೋಪಿನ ಡಬ್ಬಿ ಇಟ್ಟಿದ್ದರು. ಫೆಬ್ರವರಿ ಮೊದಲ ವಾರ ನಾನು ಅಲ್ಲಿ ಕುಳಿತಿದ್ದಾಗ ಅತ್ತೆ ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ‘ಇದರಲ್ಲಿ ಬೀಸುವಾಗ ದಿನವೂ ಹಾಡಬೇಕೆಂದು ಮನಸ್ಸು ಬರುತ್ತಿತ್ತೇ, ಅವ್ವಾ?’ ಎಂದು ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ‘ಮನಸ್ಸು ಯಾರು ಕೇಳಿದರು? ಬೆಳಗಾದರೆ ರೊಟ್ಟಿಗೆ ಹಿಟ್ಟು ಬೇಕು. ಬೀಸಬೇಕು. ಬೀಸುವಾಗ ಬಾಯಿ ಸುಮ್ಮನೆ ಇರುತ್ತದೆಯೇ?’

ನಂತರ ತಾವಾಗಿಯೇ ಎದ್ದು ಬಂದು ಡಬ್ಬಿ ಸರಿಸಿ, ಕಲ್ಲಿನ ಗೂಟ ಹಿಡಿದು ತೋರಿಸಿದರು. ಗೂಟಕ್ಕೆ ಇಬ್ಬರ ಕೈ. ಎದುರುಬದುರು ಕುಳಿತು, ಒಬ್ಬರ ಕಾಲು ಚಾಚಿ, ಇನ್ನೊಬ್ಬರ ಕಾಲು ಮಡಚಿ. ಒಬ್ಬರು ಬಲಗೈಯಲ್ಲಿ ತಿರುವುತ್ತಲೇ ಎಡಗೈಯಿಂದ ಕಲ್ಲಿನ ಬಾಯಿಗೆ ಹಿಡಿ ಜೋಳ ಹಾಕಬೇಕು. ಹಿಡಿ ಜಾಸ್ತಿಯಾದರೆ ಹಿಟ್ಟು ನುಚ್ಚಾಗುತ್ತದೆ, ಕಡಿಮೆಯಾದರೆ ಕಲ್ಲಿಗೆ ಕಲ್ಲು ಉಜ್ಜುತ್ತದೆ. ಒಬ್ಬಳು ಸಾಲು ಎತ್ತಿದರೆ ಇನ್ನೊಬ್ಬಳು ಹಿಡಿಯಬೇಕು. ಎರಡನೆಯ ಸಾಲನ್ನು ಮರಳಿ ಹಾಡಿ ಮೂರನೆಯದಕ್ಕೆ ಇಳಿಯುವ ರೂಢಿ ಇದೆಯಲ್ಲ, ಅದರ ಗುಟ್ಟನ್ನು ಅವರು ಅಂದು ಹೇಳಿದರು: ‘ಮುಂದಿನದು ನೆನಪಾಗುವವರೆಗೆ ಹಿಂದಿನದನ್ನು ತಿರುವಬೇಕು.’ ಜಾನಪದದ ಬಗ್ಗೆ ನಾನು ಓದಿದ ಪುಸ್ತಕಗಳಲ್ಲಿ ಈ ಮಾತು ಕಂಡಿಲ್ಲ. ಅದು ಎಲ್ಲ ಕಡೆಗೂ ನಿಜವೋ ಅವರ ಮನೆಗಷ್ಟೇ ನಿಜವೋ, ಕೇಳಿದಾಗ ನನ್ನ ಮೈ ಜುಮ್ಮೆಂದಿತು.

ಯೋಚಿಸಿ ನೋಡಿದರೆ, ನಮ್ಮ ಬಿಜಾಪುರ ಸೀಮೆಯ ಹೆಂಗಸರು ಲೆಕ್ಕವಿಲ್ಲದಷ್ಟು ತ್ರಿಪದಿ ಕಟ್ಟಿದ್ದು ದಿನಕ್ಕೊಂದು ಬರೆಯುತ್ತೇನೆಂದು ಪಣ ತೊಟ್ಟು ಅಲ್ಲ. ಜನಪದ ಹಾಡುಗಳನ್ನು ಸಂಗ್ರಹಿಸಿದ ‘ಹಲಸಂಗಿ ಗೆಳೆಯರು’ ಬಳಗದವರು 1931ರಲ್ಲಿ ‘ಗರತಿಯ ಹಾಡು’ ಸಂಕಲನ ಹೊರತರುವ ಹೊತ್ತಿಗೆ ಅವು ಎಷ್ಟು ತಲೆಮಾರಿನ ಬಾಯಿ ದಾಟಿ ಬಂದಿದ್ದವೋ! ಆ ಹಾಡುಗಳ ಹಿಂದೆ ಛಲವಿರಲಿಲ್ಲ, ಜೋಳವಿತ್ತು. ಕೈಗೆ ಬಿಡುವಿಲ್ಲದ ಕೆಲಸವಿತ್ತು, ಎದುರಿಗೆ ಗೂಟ ಹಿಡಿದ ಇನ್ನೊಬ್ಬಳಿದ್ದಳು, ಹಿಟ್ಟು ಮುಗಿದರೆ ಹಾಡೂ ಮುಗಿಯುತ್ತಿತ್ತು, ನಾಳೆ ಮತ್ತೆ ಜೋಳ ಇರುತ್ತಿತ್ತು. ಕೇಳುವವರು ಎಷ್ಟು ಮಂದಿ ಎಂದು ಯಾರೂ ಎಣಿಸುತ್ತಿರಲಿಲ್ಲ. ನಾನು ಅವಳಿಗೆ ಇದೆಲ್ಲವನ್ನೂ ಬಿಟ್ಟು ಬರೀ ಪಣವನ್ನು ಕೊಟ್ಟಿದ್ದೆ. ಬೆಳಗಿನ ಐದಕ್ಕೆ ಒಂಟಿಯಾಗಿ, ಖಾಲಿ ಕೈಯಲ್ಲಿ, ಬಿಳಿ ಹಾಳೆಯ ಎದುರು ಕೂರಿಸಿದ್ದೆ. 131 ದಿನ ಅವಳು ಹಾಗೆ ಬರೆದದ್ದೇ ದೊಡ್ಡದು.

‘ನಿನ್ನ ಕಲ್ಲು ಯಾವುದು, ತಂಗಿ?’ ಎಂದು ಕೇಳಿದೆ. ಅವಳು ತಟ್ಟನೆ ಹೇಳಿದಳು: ‘ಹುಕ್ಕು, ಕಾಜಾ.’

ಯಂತ್ರದ ಮೇಲೆ ಹೊಲಿಯುವಾಗ ಸಪ್ಪಳ, ಲೆಕ್ಕ, ಅಳತೆ; ಮನಸ್ಸು ಬಟ್ಟೆಯ ಮೇಲೆಯೇ ಇರಬೇಕು. ಆದರೆ ಮಧ್ಯಾಹ್ನ ಊಟದ ನಂತರ ಹೊಲಿದ ಕುಪ್ಪಸಗಳನ್ನು ಮಡಿಲಲ್ಲಿ ಹಾಕಿಕೊಂಡು ಹುಕ್ಕು ಹಚ್ಚುವ, ಕಾಜಾ ಮಾಡುವ, ಅಂಚು ಮಡಚಿ ಕೈಯಲ್ಲಿ ಹೊಲಿಯುವ ಒಂದೂವರೆ ತಾಸು ಬೇರೆ. ಕುಪ್ಪಸಕ್ಕೆ ಆರೇಳು ಹುಕ್ಕು, ಹುಕ್ಕಿಗೆ ನಾಲ್ಕೈದು ಸುತ್ತು ದಾರ. ಕೈಗೆ ದಾರಿ ಗೊತ್ತು. ಅವಳ ಒಳ್ಳೆಯ ಸಾಲುಗಳೆಲ್ಲ ಬಂದಿದ್ದು ಆಗಲೇ. ಬೆಳಗಿನ ಐದಕ್ಕೆ ಕುಳಿತು ಮಾಡುತ್ತಿದ್ದದ್ದು ಹಿಂದಿನ ಮಧ್ಯಾಹ್ನದ ಸಾಲನ್ನು ನೆನಪಿಸಿಕೊಳ್ಳುವುದು ಮಾತ್ರ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ.

ಮಾಡಿದ ಬದಲಾವಣೆ

ಬೆಳಗಿನ ಐದು ಗಂಟೆಯನ್ನು ನಿದ್ದೆಗೆ ಮರಳಿ ಕೊಟ್ಟೆವು. ಪದದ ಹೊತ್ತು ಇನ್ನು ಮುಂದೆ ಹುಕ್ಕಿನ ಹೊತ್ತು. ಆಗ ನೋಟ್‌ಬುಕ್ ಮುಟ್ಟುವಂತಿಲ್ಲ. ಸಾಲು ಬಂದರೆ ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಕತ್ತರಿಸಿ ಉಳಿದ ತುಂಡಿನ ಮೇಲೆ ಬರೆದಿಡುವುದು. ಇದು ಅವಳದೇ ಉಪಾಯ. ಒಂದು ತುಂಡನ್ನು ನಾನು ಕೇಳಿ ಇಟ್ಟುಕೊಂಡಿದ್ದೇನೆ: ಅಂಗೈಯಗಲದ ಕೆಂಪು ಖಣ, ಅಂಚಿನಲ್ಲಿ ಅರ್ಧ ತೇರು, ಅದರ ಮೇಲೆ ಬಿಳಿ ಚಾಕಿನ ನಾಲ್ಕು ಶಬ್ದ. ತಿಕ್ಕಿದರೆ ಅಳಿಸಿಹೋಗುವ ಅಕ್ಷರ. ತಪ್ಪಾದೀತು ಎಂಬ ಭಯ ಅಂಥ ಅಕ್ಷರಕ್ಕೆ ಇಲ್ಲ.

ಒಂದು ಸಾಲು ಬಂದರೂ ಆ ದಿನದ ಕೆಲಸ ಆಯಿತು ಎಂದುಕೊಂಡೆವು. ಏನೂ ಬಾರದ ದಿನದ ತಾರೀಖು ಬರೆಯುವುದೇ ಬೇಡ. ನಾನು ಕೆಂಪು ಪೆನ್ನನ್ನು ಮೇಜಿನ ಒಳಗಿಟ್ಟೆ. ಗಣ ತಪ್ಪಿದ್ದರೆ ಹೇಳಬೇಕೆಂದು ಅವಳೇ ಕೇಳಿದಾಗ ಮಾತ್ರ ಹಾಡಿ ತೋರಿಸುತ್ತೇನೆ, ತಪ್ಪಿದ್ದು ಕಿವಿಗೇ ಗೊತ್ತಾಗುತ್ತದೆ. ಬೇಡಿಕೆಯ ಪದಗಳನ್ನು ಬಿಡಲಿಲ್ಲ, ಅವಕ್ಕೆ ಬೇರೆ ನೋಟ್‌ಬುಕ್, ಶನಿವಾರ ಒಂದೇ ದಿನ. ಬೆಲೆ 251 ಮಾಡಲು ನಾನೇ ಹೇಳಿದೆ. ಹುಕ್ಕಿನ ಹೊತ್ತಿನ ಪದಗಳನ್ನು ತಿಂಗಳು ತುಂಬುವವರೆಗೆ ಸ್ಟೇಟಸ್‌ಗೆ ಹಾಕುವಂತಿಲ್ಲ. ಈ ಕೊನೆಯ ಕಟ್ಟಳೆ ಅವಳಿಗೆ ಕಷ್ಟವಾಯಿತು. ಮೊದಲ ವಾರ ಎರಡು ಸಲ ಮುರಿದಳು, ಮುರಿದದ್ದನ್ನು ಬಂದು ಹೇಳಿದಳು. ಮೂರನೆಯ ವಾರದಿಂದ ತಾನಾಗಿ ಮರೆತಳು.

ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ನಾವು ಯೋಜಿಸಿದ್ದಲ್ಲ. ಮಧ್ಯಾಹ್ನ ಹುಕ್ಕು ಹಚ್ಚುವ ಹೊತ್ತಿಗೆ ಅತ್ತೆಯೂ ಅದೇ ಕೋಣೆಗೆ ಬಂದು ಕೂರತೊಡಗಿದರು. ಕಲ್ಲಿನ ಮಾತು ಬಂದ ದಿನದಿಂದ ಅವರಲ್ಲಿ ಏನೋ ಕದಲಿತ್ತು. ಸೊಸೆ ತನ್ನಷ್ಟಕ್ಕೆ ಒಂದು ಸಾಲು ಗುನುಗುತ್ತಿದ್ದಳು, ಮುಂದಿನದು ಬಾರದೆ ಅದನ್ನೇ ತಿರುವುತ್ತಿದ್ದಳು:

ಹಿನ್ನೀರು ಬಂದಾಗ ಹೊಸ್ತಿಲು ಮುಳುಗಿತು

ನಾಲ್ಕನೆಯ ಸಲಕ್ಕೆ ಅತ್ತೆ, ಕೈಯಲ್ಲಿನ ಜೋಳದ ಮೊರ ಕೆಳಗಿಡದೆ, ಮುಂದಿನ ಸಾಲು ಹೇಳಿದರು. ಅದನ್ನೇ ಮರಳಿ ಹೇಳಿ ಮೂರನೆಯದನ್ನೂ ಮುಗಿಸಿದರು.

ಇನ್ನೆಲ್ಲಿ ಬರೆವೆ ರಂಗೋಲಿ ಮಗಳವ್ವ
ಕಣ್ಣಲ್ಲೇ ಚುಕ್ಕಿ ಇಟ್ಟೇನು

ಸೊಸೆಯ ಬೆರಳಿಗೆ ಸೂಜಿ ಚುಚ್ಚಿತಂತೆ. ಮುಳುಗಡೆಯ ಬಗ್ಗೆ ಅತ್ತೆ ಆ ಮನೆಯಲ್ಲಿ ಆಡಿದ ಮೊದಲ ಮಾತು ಅದು. ಪರಿಹಾರದ ಹಣ ಬಂದಾಗಲೂ ಆಡಿರಲಿಲ್ಲ. ಬರೆದಿಡು ಎಂದು ಯಾರೂ ಹೇಳಬೇಕಾಗಲಿಲ್ಲ. ಅವಳು ಅಂದು ಸಂಜೆ ಓಡುತ್ತ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತು ಮೂರೂ ಸಾಲನ್ನು ಹಾಡಿದಳು. ನಾನು ಗಣ ಎಣಿಸಲಿಲ್ಲ. ರಾತ್ರಿ ಮಲಗುವ ಮುಂಚೆ ಎಣಿಸಿದೆ, ಸರಿಯಾಗಿತ್ತು. ಆರನೆಯದು ‘ಬರೆವೆ’, ಹತ್ತನೆಯದು ‘ಚುಕ್ಕಿ’. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಬ್ರಹ್ಮಗಣದ ಹೆಸರು ಗೊತ್ತಿಲ್ಲ.

ಆಮೇಲೆ ಏನಾಯಿತು

2024ರ ಫೆಬ್ರವರಿ 2ರಿಂದ ಜುಲೈ 31ರವರೆಗೆ ಒಟ್ಟು 181 ದಿನ. ಅದರಲ್ಲಿ ಪೂರ್ಣ ತ್ರಿಪದಿ 112 ದಿನ, ಒಂದು ಅಥವಾ ಎರಡೇ ಸಾಲು 41 ದಿನ, ಏನೂ ಇಲ್ಲದ್ದು 28 ದಿನ. ಲೆಕ್ಕದಲ್ಲಿ ನೋಡಿದರೆ ಮೊದಲ 131 ದಿನವೇ ಮೇಲು, ಆಗ ಒಂದೂ ತಪ್ಪಿರಲಿಲ್ಲ. ಆದರೂ ಈ ಎರಡನೆಯ ಓಟವೇ ಗಟ್ಟಿ ಎಂದು ನಾನು ನಂಬುತ್ತೇನೆ, ಏಕೆಂದರೆ ಇದು ತಪ್ಪುವುದನ್ನು ತಾಳಿಕೊಂಡಿತು. ಪುಟಗಳಿಗೆ ಮತ್ತೆ ಬಾಬಿನ್, ಹುಣಸೆಹಣ್ಣು ಬಂದಿವೆ. ‘ಶುಭವಾಗಲಿ’ ಶನಿವಾರದ ನೋಟ್‌ಬುಕ್ಕಿನಲ್ಲಿ ಮಾತ್ರ ಇದೆ.

ಇದರಲ್ಲಿ ಯಾವುದು ನಿಜವಾಗಿ ಕೆಲಸ ಮಾಡಿತು ಎಂದು ಬಿಡಿಸಿ ಹೇಳುವುದು ಕಷ್ಟ. ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಿದೆವು. ನೋಡುತ್ತಿದ್ದವಳು ನಾನು, ಅವಳು ಗೆಲ್ಲಲಿ ಎಂದು ದಿನವೂ ಬಯಸುವವಳು. ಇನ್ನೊಬ್ಬ ಹೆಣ್ಣುಮಗಳಿಗೆ ಬೆಳಗಿನ ಐದು ಗಂಟೆಯ ಏಕಾಂತವೇ ಅನ್ನವಾಗಿರಬಹುದು. ಇವಳ ಪ್ರಕರಣದಲ್ಲಿ ಮಾತ್ರ ನನಗೆ ಒಂದು ಪರೀಕ್ಷೆ ಸಿಕ್ಕಿತು, ಯಾರೂ ಬಯಸದ ಪರೀಕ್ಷೆ. ಆಗಸ್ಟ್‌ನಲ್ಲಿ ಅತ್ತೆಗೆ ಜ್ವರ ಬಂದು ಕೀಲು ಕೀಲು ಹಿಡಿದು ಹಾಸಿಗೆ ಹಿಡಿದರು. 19 ದಿನ ಆ ಮನೆಯಲ್ಲಿ ಪದವಿಲ್ಲ. ನಾನು ಹಣ್ಣು ತೆಗೆದುಕೊಂಡು ಹೋಗಿ ಬರುತ್ತಿದ್ದೆ, ನೋಟ್‌ಬುಕ್ಕಿನ ಸುದ್ದಿ ಎತ್ತಲಿಲ್ಲ. ಹಿಂದಿನ ಸಲ 74 ದಿನವಾದದ್ದು ಒಳಗೊಳಗೇ ನೆನಪಾಗುತ್ತಿತ್ತು. ಇಪ್ಪತ್ತನೆಯ ದಿನ ಅವಳು ಹುಕ್ಕಿನ ಡಬ್ಬಿಯನ್ನೂ ಹೊಲಿದ ಕುಪ್ಪಸಗಳನ್ನೂ ತಂದು ಅತ್ತೆಯ ಮಂಚದ ಕಾಲಿನ ಹತ್ತಿರ ಕುಳಿತು ಹಚ್ಚತೊಡಗಿದಳು. ಒಂದು ಸಾಲು ತಿರುವಿದಳು. ಮಂಚದ ಮೇಲಿನಿಂದ ‘ಹಾಗಲ್ಲ’ ಎಂಬ ದನಿ ಬಂತು. ನನಗೆ ಇದು ಗೊತ್ತಾದದ್ದು ಒಂದು ವಾರದ ನಂತರ.

ಈಗ ಅವರಿಗೆ ನನ್ನ ಅಗತ್ಯ ಅಷ್ಟಾಗಿ ಇಲ್ಲ. ಆದರೂ ಹೋಗುತ್ತೇನೆ, ನನಗೆ ಅಗತ್ಯವಿದೆ. ಮೊನ್ನೆ ಮಧ್ಯಾಹ್ನ ಹೋದಾಗ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅವಳು ನಸುಹಳದಿ ಕುಪ್ಪಸಕ್ಕೆ ಕೊನೆಯ ಹುಕ್ಕು ಹಚ್ಚುತ್ತಿದ್ದಳು. ಪಕ್ಕದಲ್ಲಿ ಬಟ್ಟೆಯ ತುಂಡು, ಅದರ ಮೇಲೆ ಚಾಕಿನ ಸಾಲು:

ಬಿಸಿಲೇರಿ ಬರುವಾಗ ಬಾಗಿಲು ತೆರೆದಿದೆ

‘ಮುಂದೆ?’ ಎಂದೆ. ಅವಳು ಹಲ್ಲಿನಿಂದ ದಾರ ಕಡಿದು, ದನಿ ತಗ್ಗಿಸಿ ಹೇಳಿದಳು: ‘ಅತ್ತೆ ಎದ್ದ ಮೇಲೆ.’